ಪುನರುತ್ಥಾನದ ಅರ್ಥ

ಮೂವತ್ತು ವರ್ಷ ಸಭೆಗೆ ಹೇಳಿದ ಅರ್ಥವನ್ನೇ ಸಾಯುತ್ತಿರುವ ಹೆಂಡತಿಗೂ ಹೇಳಿದರೆ ಸಾಕೇ, ಅದರಿಂದ ಅವಳಿಗೆ ಸಮಾಧಾನವಾದೀತೇ ಎಂದು ಪಾದ್ರಿ ಯೋಚಿಸುತ್ತಲೇ ಇದ್ದ. ಅವಳು ಮತ್ತೆ ಕೇಳಿದಳು.

“ಪುನರುತ್ಥಾನ ಅಂದ್ರ ಏನ್ರೀ?”

“ಸತ್ತವರು ಕ್ರಿಸ್ತನ ಕೂಡ ಮತ್ತ ಜೀವಂತ ಏಳೋದು. ಅಂದ್ರ...”

“ಪ್ರಸಂಗ ಬ್ಯಾಡ್ರಿ. ಇಲ್ಲಿ ಆಮೆನ್ ಅನ್ನಾಕ ಯಾರೂ ಇಲ್ಲ. ನಮ್ಮ ಸುಜಯ ಎದ್ದು ಬರ್ತಾನೇನು, ಅಷ್ಟ ಹೇಳ್ರಿ.”

ಊರಿನಲ್ಲಿ ಬೇರೆ ಪಾದ್ರಿ ಇಲ್ಲದೆ, ಮೂರು ವರ್ಷದ ಮಗನ ಸಮಾಧಿಯ ಮುಂದೆ ತಾನೇ ನಿಂತು ಆ ಮಾತನ್ನು ಓದಿದ್ದು ಅವನಿಗೆ ನೆನಪಾಯಿತು.

“ಬರ್ತಾನ. ನೀನ ಮೊದಲ ನೋಡ್ತಿ” ಎಂದ.

ಅವಳು ಬಳಲಿಕೆಯಲ್ಲೇ ನಕ್ಕಳು. “ನನ್ನ ನಂಬಿಕಿ ಅವನ್ನ ಮಣ್ಣ ಮಾಡಿದ ದಿನಾನ ಹೋತ್ರಿ. ಗೊತ್ತಾದ್ರ ನೀವೂ ಬಿಟ್ಟೀರಿ ಅಂತ ಅಂಜಿ, ಪ್ರತಿ ಐತವಾರ ಮುಂದಿನ ಬೆಂಚಿನ್ಯಾಗ ಕುಂತು ನಿಮ್ಮ ಮಾತಿಗೆ ಗೋಣು ಹಾಕಿದೆ. ನೀವಾದ್ರೂ ನಂಬಿದ್ರಲ್ಲ, ಅಷ್ಟ ಸಾಕು.”

ಅವನು ಅವಳ ಕೈ ಹಿಡಿದುಕೊಂಡ. ತನ್ನ ನಂಬಿಕೆಯೂ ಅದೇ ದಿನ ಹೋಗಿತ್ತೆಂದು, ಗೋಣು ಹಾಕುತ್ತಿದ್ದ ಅವಳೊಬ್ಬಳಿಗಾಗಿಯೇ ಇಷ್ಟು ವರ್ಷ ಪ್ರಸಂಗ ಮಾಡಿದ್ದೆಂದು ಅವನು ಹೇಳಲೇ ಇಲ್ಲ.