ಒಂದಕ್ಷರವೂ ತಪ್ಪದೆ

“ನಿಜ ಹೇಳು, ವಾರ್ಡಿಗೆ ಸೋಂಕು ತಂದದ್ದು ನೀನೇ ತಾನೆ?”

ಸೂಪರಿಂಟೆಂಡೆಂಟರು ಮತ್ತೆ ಅದನ್ನೇ ಕೇಳಿದರು. ವೃದ್ಧರ ವಾರ್ಡಿನ ಆಯಾ ಗೋಡೆಗೊರಗಿ ನಿಂತಿದ್ದಳು.

“ಮಾಸ್ಕ್ ಒಂದ್ ಗಳಿಗೇನೂ ತೆಗೀಲಿಲ್ಲ ಸಾರ್. ನಂಗೂ ಬಂತು, ಅವ್ರಿಗೂ ಬಂತು. ಎಲ್ಲಿಂದ ಅಂತ ನಂಗೇನ್ ಗೊತ್ತು?”

“ಅದನ್ನ ಲ್ಯಾಬ್ ಹೇಳತ್ತೆ ಬಿಡು,” ಎಂದಳು ಮೇಜಿನಾಚೆ ಕೂತಿದ್ದ ವೈರಾಣು ತಜ್ಞೆ.

ಆ ವಾರ್ಡಿನಲ್ಲಿ ಸತ್ತವರಲ್ಲಿ ಈ ತಜ್ಞೆಯ ಅಪ್ಪನೂ ಒಬ್ಬರು. ಅವರಿಗೆ ತುತ್ತು ಮಾಡಿ ಉಣಿಸುತ್ತಿದ್ದವಳು ಇದೇ ಆಯಾ. ಎಲ್ಲರಿಗಿಂತ ಮೊದಲು ಜ್ವರ ಬಂದದ್ದೂ ಇವಳಿಗೇ. ಅನುಮಾನಕ್ಕೆ ಇನ್ನೇನು ಬೇಕು? ಇಷ್ಟು ದಿನ ಯಾರನ್ನು ಬೈಯುವುದೆಂದು ತಿಳಿಯದೆ ಒದ್ದಾಡುತ್ತಿದ್ದ ಮಗಳಿಗೆ ಈಗೊಂದು ಮುಖ ಸಿಕ್ಕಿತ್ತು.

ಪರೀಕ್ಷೆಯ ಕೆಲಸವನ್ನು ಅವಳು ಯಾರ ಕೈಗೂ ಬಿಡಲಿಲ್ಲ. ವೈರಸ್ಸಿನ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಕ್ಕೆ ಮಾದರಿಗಳನ್ನು ತಾನೇ ಸಿದ್ಧಪಡಿಸಿದಳು. ಮೊದಲ ಕೊಳವೆ ಅಪ್ಪನದು. ಮುಚ್ಚಳ ತೆರೆಯುವಾಗ ಕೈ ನಡುಗಿತು, ಸಾವರಿಸಿಕೊಂಡಳು. ಆಮೇಲೆ ಉಳಿದ ರೋಗಿಗಳದು, ಆಯಾಳದು. ಕೊನೆಗೆ ವಾಡಿಕೆಯಂತೆ ಬರೀ ಶುದ್ಧ ನೀರಿನ ಒಂದು ಕೊಳವೆ.

ಉತ್ತರ ಬಂತು. ಮೈಯಿಂದ ಮೈಗೆ ದಾಟುತ್ತ ವೈರಸ್ಸಿನ ಅಕ್ಷರಗಳು ಅಲ್ಲೊಂದು ಇಲ್ಲೊಂದು ಬದಲಾಗುತ್ತವೆ. ಹೋಲಿಕೆ ಹೆಚ್ಚಿದಷ್ಟೂ ನಂಟು ಹತ್ತಿರ. ಇಲ್ಲಿ ಆಯಾಳದೂ ಅಪ್ಪನದೂ ಉಳಿದವರದೂ ಒಂದೇ, ಒಂದಕ್ಷರವೂ ತಪ್ಪದೆ.

“ನೀರಿಂದು ನೋಡಿದ್ರಾ ಮೇಡಂ?” ಎಂದ ಟೆಕ್ನಿಷಿಯನ್.

“ನೀರಲ್ಲಿ ಏನಯ್ಯಾ ಇರತ್ತೆ? ಹೋಗು, ತಲೆ ತಿನ್ಬೇಡ.”

ಫಲಿತಾಂಶವನ್ನು ಎಲ್ಲ ಸಿಬ್ಬಂದಿಯ ಎದುರು ಅವಳೇ ಓದಿದಳು. ಆಯಾ ವಾದಿಸಲಿಲ್ಲ. “ಅಷ್ಟ್ ದೊಡ್ಡ ಯಂತ್ರ ಸುಳ್ಳು ಹೇಳತ್ತಾ? ಹಾಗಾದ್ರೆ ನಾನೇ,” ಎಂದಳು. ಅವತ್ತೇ ಕೆಲಸ ಹೋಯಿತು.

ಅಲ್ಲಿಗೆ ಮುಗಿಯಿತೇ? ಇಲ್ಲ. ಸತ್ತವರ ಮನೆ ಮನೆಗೂ ಹೋಗಿ ಆಯಾ ತಪ್ಪೊಪ್ಪಿಕೊಂಡಳು. ಒಬ್ಬರು ಉಗಿದರು, ಇನ್ನೊಬ್ಬರು ನಾಯಿ ಬಿಟ್ಟರು. ಕೊನೆಗೆ ತಜ್ಞೆಯ ಮನೆಗೂ ಬಂದಳು. ಕರೆದರೂ ಒಳಗೆ ಬರಲಿಲ್ಲ.

“ಅಪ್ಪಾವ್ರು ನನ್ನ ‘ಮಗಳೇ’ ಅಂತಿದ್ರು. ನಾನು ತುತ್ತಿನ ಜೊತೆ ಸಾವು ಉಣಿಸ್ಬಿಟ್ಟೆ. ನನ್ ಮಕ್ಕಳ ಮುಖ ನೋಡೋಕೂ ನಾಚ್ಕೆ ಆಗತ್ತೆ ಮೇಡಂ. ಕ್ಷಮಿಸಿ ಅನ್ನಲ್ಲ, ಒಂದ್ಸಲ ಬಾಯಿ ತುಂಬ ಬೈದ್ಬಿಡಿ.”

“ಆಯ್ತು, ಹೋಗು,” ಎಂದು ತಜ್ಞೆ ಬಾಗಿಲು ಹಾಕಿಕೊಂಡಳು. ಸಮಾಧಾನವಾಗಬೇಕಿತ್ತು, ಆದರೆ ತನ್ನ ಬಗ್ಗೆಯೇ ನಾಚಿಕೆಯೆನಿಸಿತು.

ಮರುದಿನ ಪೂರ್ತಿ ವರದಿ ಕಳುಹಿಸಬೇಕಿತ್ತು. ಲ್ಯಾಬಿನಲ್ಲಿ ಕಂಪ್ಯೂಟರಿನ ಮುಂದೆ ಕೂತವಳಿಗೆ, ಹೊಸದಾಗಿ ಸೇರಿದವರಿಗೆಲ್ಲ ತಾನೇ ಹೇಳುವ ಪಾಠ ನೆನಪಾಯಿತು: ನೀರಿನಲ್ಲಿ ವೈರಸ್ ಕಂಡರೆ, ತಯಾರಿಸಿದವರ ಕೈತಪ್ಪಿ ಒಂದು ಕೊಳವೆಯದು ಉಳಿದವಕ್ಕೆಲ್ಲ ಸಿಡಿದಿದೆ ಎಂದರ್ಥ, ಆ ಫಲಿತಾಂಶವನ್ನು ಯಾರೂ ನಂಬಬಾರದು. ತೆರೆಯ ಕೊನೆಯ ಸಾಲಿಗೆ ಇಳಿದಳು.

ನೀರಿನಲ್ಲೂ ಅಪ್ಪನ ವೈರಸ್ಸೇ ಇತ್ತು, ಒಂದಕ್ಷರವೂ ತಪ್ಪದೆ.