ತಾಯಿಗೆ ಅರ್ಧ ಗಂಟೆ

ಮಧ್ಯಾಹ್ನ ಮೂರರ ಎದೆಹಾಲನ್ನು ಆಸ್ಪತ್ರೆಯ ಶಿಶು ವಾರ್ಡಿನ ಕಿಟಕಿಯಲ್ಲಿ ಕೊಟ್ಟು ಸುಮ್ಮನೆ ಹಿಂದಿರುಗಬೇಕಾಗಿದ್ದ ಕಂಡಕ್ಟರಮ್ಮ ಅವತ್ತು ಬಾಟಲಿ ಹಿಡಿದುಕೊಂಡೇ ಪಕ್ಕದ ಬಾಗಿಲಿಗೆ ನಡೆದಳು. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು, ಹಸಿರು ಗೌನು ತೊಟ್ಟಳು, ಟೋಪಿಯೊಳಗೆ ಕೂದಲು ತುರುಕಿದಳು. ಬಾಗಿಲು ಕಾಯುವವನು "ನಾಲ್ಕಕ್ಕೆ ಬನ್ನಿ ಅಮ್ಮಾ" ಎನ್ನುವಷ್ಟರಲ್ಲಿ ಅವಳಾಗಲೇ ಒಳಗಿದ್ದಳು. ಕಾಲಿಡಲೂ ಜಾಗವಿಲ್ಲದ ಬಸ್ಸುಗಳಲ್ಲಿ ಹನ್ನೊಂದು ವರ್ಷ ಟಿಕೆಟ್ ಹರಿದವಳಿಗೆ ಇವನೊಬ್ಬ ಯಾವ ಲೆಕ್ಕ?

ಮಗ ಹುಟ್ಟಿ ಹದಿನಾರು ದಿನವಾಗಿತ್ತು. ಎರಡು ತಿಂಗಳು ಮೊದಲೇ ಅವಸರ ಮಾಡಿ ಬಂದವನು, ಹಾಗಾಗಿ ಗಾಜಿನ ಪೆಟ್ಟಿಗೆಯಲ್ಲಿದ್ದ. ಆಸ್ಪತ್ರೆಯ ಕಟ್ಟಳೆ ನೋಡಿ: ಹಾಲು ಮೂರು ಗಂಟೆಗೊಮ್ಮೆ ತಪ್ಪದೆ ಬರಬೇಕು, ಹಾಲು ಕೊಡುವವಳು ಮಾತ್ರ ದಿನಕ್ಕೆ ಅರ್ಧ ಗಂಟೆ, ನಾಲ್ಕರಿಂದ ನಾಲ್ಕೂವರೆ. ಮೂರಕ್ಕೆ ಹೊಟ್ಟೆ ತುಂಬಿದ ಕೂಸು ನಾಲ್ಕಕ್ಕೆ ನಿದ್ದೆ ಮಾಡದೆ ಇನ್ನೇನು ಕುಣಿಯುತ್ತದೆಯೆ? ಅಷ್ಟು ದಿನವೂ ಅವಳು ಕಂಡದ್ದು ಮುಚ್ಚಿದ ಎರಡು ರೆಪ್ಪೆಗಳನ್ನು. ಮಾತಾಡಬಾರದು ಎಂದು ಗೋಡೆಯ ಮೇಲೆ ಬರೆದಿತ್ತು, ಅದಕ್ಕೇ ಒಂದು ಮಾತೂ ಆಡಿರಲಿಲ್ಲ.

ಕಣ್ಣು ಯಾರ ಹಾಗಿದೆ ಎಂದು ಹಿಂದಿನ ದಿನ ಅತ್ತೆ ಫೋನಿನಲ್ಲಿ ಕೇಳಿದ್ದರು. ಹೆತ್ತ ತಾಯಿಗೆ ಗೊತ್ತಿರಲಿಲ್ಲ. ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತಳು, ಅತ್ತು ಮುಗಿದ ಮೇಲೆ ಸಿಟ್ಟು ನೆತ್ತಿಗೇರಿತು. ಹೊತ್ತು ಬದಲಾಯಿಸಿಕೊಡಿ ಎಂದು ಡಾಕ್ಟರನ್ನು ಕೇಳಿದರೆ ಸಿಸ್ಟರನ್ನು ಕೇಳಿ ಎಂದರು, ಸಿಸ್ಟರು ಆಫೀಸು ತೋರಿಸಿದರು, ಆಫೀಸಿನವರು ಮತ್ತೆ ಡಾಕ್ಟರ ಕಡೆಗೇ ಕೈ ಮಾಡಿದರು. ಇನ್ನು ಕೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದ್ದಳು.

ಬಾಟಲಿಯನ್ನು ಒಳಗಿದ್ದ ನರ್ಸಿನ ಕೈಗಿತ್ತು, ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕೂತಳು. ಮೂಗಿಗೆ ಹಾಕಿದ್ದ ನಳಿಗೆಯಲ್ಲಿ ಹಾಲು ಇಳಿಯತೊಡಗಿತು. ಮಗ ರೆಪ್ಪೆ ಕೂಡ ಅಲುಗಿಸಲಿಲ್ಲ. ಅಷ್ಟರಲ್ಲಿ ಸುದ್ದಿ ಮುಟ್ಟಿ ದೊಡ್ಡ ಸಿಸ್ಟರು ಬಂದರು. ಕೆಟ್ಟವರೇನಲ್ಲ, ಪಾಪ. ಸೋಂಕಿನ ಭಯ ಹೇಳಿದರು, ಉಳಿದ ಹನ್ನೆರಡು ಮಕ್ಕಳನ್ನು ತೋರಿಸಿದರು, ಒಬ್ಬರನ್ನು ಒಳಗೆ ಬಿಟ್ಟರೆ ಎಲ್ಲರೂ ಬಂದು ಕೂರುತ್ತಾರೆ ಎಂದರು. ಕಂಡಕ್ಟರಮ್ಮ ಪೂರ್ತಿ ಕೇಳಿಸಿಕೊಂಡಳು.

"ನಾಲ್ಕು ಗಂಟೆಗೆ ಬರದ ಸೋಂಕು ಮೂರು ಗಂಟೆಗೆ ಹೇಗೆ ಬರತ್ತೆ ಸಿಸ್ಟರ್?"

"ರೂಲ್ಸ್ ನಾನು ಮಾಡಿದ್ದಲ್ಲಮ್ಮ. ಏಳಿ."

"ನಾನೂ ದಿನವಿಡೀ ರೂಲ್ಸ್ ಹೇಳ್ಕೊಂಡೇ ಹೊಟ್ಟೆ ಹೊರೆಯೋಳು. ಬಸ್ಸು ಎಷ್ಟೇ ತುಂಬಿರ್ಲಿ, ತಾಯೀನ ಕೆಳಗಿಳಿಸಿ ಮಗೂನ ಮಾತ್ರ ಕರ್ಕೊಂಡು ಹೋಗಿದ್ದಿಲ್ಲ. ನಾನು ಇಳಿಯಲ್ಲ."

ಕೂಗಿದ್ದೇನಲ್ಲ. ಆದರೆ ದನಿ ತಗ್ಗಿಸಲು ಮರೆತಿದ್ದಳು. ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿನ ಕಿವಿಗೆ ನೇರವಾಗಿ ಹೋಗಿ ಮುಟ್ಟುವ ದನಿ ಅದು. ಹೊಟ್ಟೆಯಲ್ಲಿದ್ದಷ್ಟು ತಿಂಗಳೂ ಮಗ ಅದನ್ನು ಕೇಳಿಕೊಂಡೇ ಊರೆಲ್ಲ ಸುತ್ತಿದ್ದ. ಹುಟ್ಟಿದ ಮೇಲೆ ಒಂದು ದಿನವೂ ಕೇಳಿರಲಿಲ್ಲ.

ಪೆಟ್ಟಿಗೆಯೊಳಗೆ ಪುಟ್ಟ ಮುಷ್ಟಿ ಬಿಚ್ಚಿಕೊಂಡಿತು. ಹಣೆ ಸುಕ್ಕಾಯಿತು. ಒಂದು ಕಣ್ಣು ತೆರೆಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಕಪ್ಪಗೆ ಒದ್ದೆಯಾಗಿ ಹೊಳೆಯುವ ಎರಡೂ ಕಣ್ಣು ದನಿ ಬಂದ ಕಡೆಗೇ ತಿರುಗಿ ಅಲ್ಲೇ ನಿಂತವು. ಹದಿನಾರು ದಿನದ ಸಂಕಟವೆಲ್ಲ ಒಮ್ಮೆಲೇ ಉಕ್ಕಿಬಂದು, ಕಂಡಕ್ಟರಮ್ಮ ಕೂತಲ್ಲೇ ನಗುತ್ತ ಅತ್ತಳು.

ದೊಡ್ಡ ಸಿಸ್ಟರು ಪೆಟ್ಟಿಗೆಯ ಮೇಲಿನ ಯಂತ್ರದಲ್ಲಿ ಅಂಕಿ ನೋಡಿದರು. ಉಸಿರು ಸರಿಯಿತ್ತು, ಎದೆಬಡಿತವೂ ಸರಿಯಿತ್ತು. ಅವರಿಗೂ ಏನೋ ಆಗಿರಬೇಕು, ಬಗ್ಗಿ ಆ ಕಣ್ಣುಗಳನ್ನೊಮ್ಮೆ ನೋಡಿದರು. ಆದರೂ ಇಪ್ಪತ್ತು ವರ್ಷದ ಅಭ್ಯಾಸ ಬಿಡಲಿಲ್ಲ. ನೋಡಿ ಆಯಿತಲ್ಲ, ಇನ್ನು ಹೊರಡಿ ಎಂದು ಮೆಲ್ಲಗೆ ಅಂದರು.

ಕಂಡಕ್ಟರಮ್ಮ ಏಳಲಿಲ್ಲ. ಮಗನ ಮೇಲಿನ ದೃಷ್ಟಿ ಕೀಳದೆ ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಸಿಸ್ಟರಿಗೆ ಜಾಗ ಮಾಡಿಕೊಟ್ಟಳು.

"ಬನ್ನಿ, ಎಚ್ಚರವಾಗೇ ಇದಾನೆ. ನಿಮ್ಮಮ್ಮನ ಟೈಮ್ ಮುಗೀತು ಕಣೋ ಅಂತ ನೀವೇ ಇವನಿಗೆ ಹೇಳಿ."