ಗುಂಡವ್ವನನ್ನು ಪಕ್ಕದ ಕೋಣೆಗೆ ಕಳಿಸಿದ ಭಾನುವಾರ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮಕ್ಕಳಿರುವವರಂತೂ ತಪ್ಪದೆ ಓದಿ.

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಇಂದುಮತಿ ಟೀಚರ್ ರಿಟೈರ್ ಆದ ಮೇಲೆ ಚಿಂಚಿಲ್ಲಾ ಸಾಕುತ್ತಿದ್ದಾರೆ.

ಅದೇನು ಅಂತ ನಗಬೇಡಿ, ನನಗೂ ಗೊತ್ತಿರಲಿಲ್ಲ. ಅಳಿಲಿನ ಬಾಲ, ಇಲಿಯ ಮೀಸೆ, ಮುಟ್ಟಿದರೆ ಬೆರಳು ಮುಳುಗುವಷ್ಟು ದಟ್ಟ ತುಪ್ಪಳ... ಸೆಕೆ ಮಾತ್ರ ಆಗಿಬರುವುದಿಲ್ಲ.

ಹಾಗಾಗಿ ಮನೆಯಲ್ಲಿರುವ ಒಂದೇ ಎ.ಸಿ. ಅವುಗಳ ಕೋಣೆಗೆ. ಟೀಚರ್ ಹಾಲ್‌ನಲ್ಲಿ ಬೀಸಣಿಗೆ ಹಿಡಿದು ಕೂರುತ್ತಾರೆ!

ಒಂದು ದಿನ ಶೈಲಾ ಎನ್ನುವ ತಾಯಿ, ಒಂಬತ್ತು ವರ್ಷದ ಮಗಳು ಪಲ್ಲವಿಯನ್ನು ಕರೆದುಕೊಂಡು ಬಂದರು. ನಾನೂ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ.

"ಎರಡು ಮರಿ ಬೇಕಿತ್ರಿ ಟೀಚರ್. ಮಗಳಿಗೆ ಗೆಳತ್ಯಾರ ಇಲ್ರಿ. ಸಾಲ್ಯಾಗ ಬಿಡುವು ಕೊಟ್ರೂ ನನ್ನ ಹತ್ರನ ಬಂದು ಕೂಡ್ತಾಳ್ರಿ."

"ಸಾಲ್ಯಾಗ ನೀವ್ಯಾಕ ಇರ್ತೀರಿ?" ಟೀಚರ್‌ಗೆ ಆಶ್ಚರ್ಯ.

ಶೈಲಾ ತಗ್ಗಿದ ದನಿಯಲ್ಲಿ ಹೇಳಿದರು... ಮೂರನೇ ವರ್ಷದಲ್ಲಿ ಪಲ್ಲವಿಗೆ ಹೃದಯದ ಆಪರೇಷನ್ ಆಗಿತ್ತು. ಈಗ ಪೂರ್ತಿ ಗುಣವಾಗಿದೆ. ಎಲ್ಲ ಮಕ್ಕಳಂತೆ ಓಡಲಿ, ಆಡಲಿ ಎಂದು ಡಾಕ್ಟರೇ ಹೇಳಿದ್ದಾರೆ.

ಆದರೆ ತಾಯಿಗೆ ಧೈರ್ಯ ಸಾಲದು. ಒಂದನೇ ಕ್ಲಾಸಿನಿಂದ ಶಾಲೆಯ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾರೆ...

"ನಾ ಇಲ್ಲಂದ್ರ ಆಕಿ ಒಂದು ತಾಸು ಇರಂಗಿಲ್ರಿ."

ಟೀಚರ್ ಗೋಡೆಯ ಕ್ಯಾಲೆಂಡರ್ ನೋಡಿದರು. "ಬರೋ ಭಾನುವಾರ ಬರ್ರಿ. ಮರಿಗಳಿಗೆ ಎಂಟು ವಾರ ತುಂಬ್ತಾವ. ಅವತ್ತ ತಾಯಿ ಹಾಲು ಬಿಡಸ್ತೀನಿ. ಆಮ್ಯಾಲೂ ಎರಡು ವಾರ ಇಲ್ಲೇ ಇರಬೇಕು. ತಾವಾಗೇ ತಿಂದು ತೂಕ ಏರಿದ್ರ ಮಾತ್ರ ಕೊಡ್ತೀನಿ."

ಭಾನುವಾರ ಇಬ್ಬರೂ ಬಂದರು. ಪಂಜರದಲ್ಲಿ ತಾಯಿ ಚಿಂಚಿಲ್ಲಾ ಗುಂಡವ್ವ, ಅದರ ಹೊಟ್ಟೆಗೆ ಅಂಟಿಕೊಂಡ ಎರಡು ಹೆಣ್ಣು ಮರಿಗಳು. ಪಕ್ಕದ ಕೋಣೆಯಲ್ಲಿ ಹೊಸ ಪಂಜರ ಸಿದ್ಧವಾಗಿತ್ತು; ಎ.ಸಿ.ಯ ತಂಪು ಅಲ್ಲಿಗೂ ಬರಲೆಂದು ನಡುವಿನ ಬಾಗಿಲು ತೆರೆದಿಟ್ಟಿದ್ದರು.

ಶೈಲಾ ಮರಿಯನ್ನು ಎತ್ತಲು ಕೈ ಹಾಕಿದರು.

"ಮರಿ ಎತ್ತಬ್ಯಾಡ್ರಿ! ತಾಯಿನ್ನ ಎತ್ರಿ!"

ಎಲ್ಲರೂ ಮಾಡುವ ತಪ್ಪು ಇದೇ ಎಂದರು ಟೀಚರ್. ಮೊದಲ ಸಲ ಅವರೂ ಮರಿಗಳನ್ನೇ ಹೊಸ ಪಂಜರಕ್ಕೆ ಹಾಕಿದ್ದರಂತೆ. ತಾಯಿಯೂ ಇಲ್ಲ, ಪರಿಚಯದ ಮೂಲೆಯೂ ಇಲ್ಲ... ನಾಲ್ಕು ದಿನ ಹುಲ್ಲೇ ಮುಟ್ಟಲಿಲ್ಲ. ಒಂದು ಮರಿ ಉಳಿಯಲಿಲ್ಲ.

"ಅವತ್ತ ಕಲ್ತೆ ನೋಡ್ರಿ. ಮರಿ ತನ್ನ ಜಾಗಾದಾಗ ಇರಬೇಕು. ಸರೀಬೇಕಾದಾಕಿ ತಾಯಿ."

ಗುಂಡವ್ವ ಪಕ್ಕದ ಕೋಣೆಗೆ ಹೋದಳು. ನಾವೆಲ್ಲ ಮರಿಗಳನ್ನು ನೋಡುತ್ತಾ ನಿಂತೆವು.

ಮರಿಗಳು ಹತ್ತು ನಿಮಿಷ ಮೂಲೆಮೂಲೆ ಹುಡುಕಿದವು. ಒಂದು ಮರಿ ಎರಡು ಸಲ ಕೀಚ್ ಎಂದಿತು. ಆಮೇಲೆ... ಹುಲ್ಲು ಕಡಿಯತೊಡಗಿದವು! ಸ್ವಲ್ಪ ಹೊತ್ತಿಗೆ ಒಂದರ ಬೆನ್ನ ಮೇಲೊಂದು ಹಾರಿ ಆಟ ಶುರು.

ಆಚೆ ಕೋಣೆಯಲ್ಲಿ ಗುಂಡವ್ವ ಮಾತ್ರ ಸುತ್ತು ಹಾಕುತ್ತಲೇ ಇದ್ದಳು. ಸರಳು ಕಚ್ಚುತ್ತಿದ್ದಳು.

ಆಗ ಪಲ್ಲವಿ ಮರಿಗಳನ್ನು ಬಿಟ್ಟು ಸದ್ದಿಲ್ಲದೆ ಎದ್ದು ಹೋಗಿ, ಗುಂಡವ್ವನ ಪಂಜರದ ಮುಂದೆ ಕೂತಳು.

"ಮರಿ ನೋಡಾಕ ಬಂದು ಇಲ್ಲ್ಯಾಕ ಕುಂತಿ ಪುಟ್ಟಿ?" ಟೀಚರ್ ಕೇಳಿದರು.

"ಮರಿ ಆರಾಮ ಅದಾವ್ರಿ... ಈಕಿ ಒಬ್ಬಾಕಿನ ಆದ್ಲಲ್ರಿ."

ಸ್ವಲ್ಪ ತಡೆದು ಹೇಳಿದಳು...

"ನಮ್ಮ ಮಮ್ಮಿನೂ ಸಾಲ್ಯಾಗ ಹಿಂಗ ಒಬ್ಬಾಕಿನ ಕುಂತಿರ್ತಾಳ್ರಿ. ನಂಗ ಖೋಖೋ ಆಡಾಕ ಭಾಳ ಇಷ್ಟ. ಗೆಳತ್ಯಾರು ಕರೀತಾರ. ಆದ್ರ ನಾ ಹ್ವಾದ್ರ ಮಮ್ಮಿಗೆ ಯಾರಿರ್ತಾರ?"



ಶೈಲಾ ಮಗಳ ಪಕ್ಕ ಬಂದು ಕೂತರು. ಮಗಳನ್ನು ತಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದರು... ನಾಲ್ಕು ವರ್ಷದಿಂದ ಮಗಳೇ ಅವರನ್ನು ಕಾಯುತ್ತಿದ್ದಳು! ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಶೈಲಾ ಮಗಳನ್ನು ಗೇಟಿನ ತನಕ ಬಿಟ್ಟು, ಕ್ಲಾಸ್ ಟೀಚರ್‌ಗೆ ಫೋನ್ ನಂಬರ್ ಕೊಟ್ಟು ಮನೆಗೆ ಹೋದರು.  ಬಡಿಸಿಕೊಂಡ ಊಟ ತಟ್ಟೆಯಲ್ಲೇ ಉಳಿಯಿತು.

ಮಧ್ಯಾಹ್ನದೊಳಗೆ ಇಂದುಮತಿ ಟೀಚರ್‌ಗೆ ಮೂರು ಸಲ ಫೋನ್!

"ಗುಂಡವ್ವನೂ ಇವತ್ತ ಅಷ್ಟಕ್ಕಷ್ಟ ತಿಂದಾಳ್ರಿ. ತಡೀರಿ, ಇಬ್ರೂ ನಾಳೆ ಹೊಟ್ಟಿ ತುಂಬ ಉಣ್ತೀರಿ!" ಎಂದರು ಟೀಚರ್.

ಸಂಜೆ ಶಾಲೆಯ ಗಂಟೆ ಹೊಡೆದಾಗ ಶೈಲಾ ಗೇಟಿನ ಹತ್ತಿರ ನಿಂತಿದ್ದರು. ಮಕ್ಕಳ ಗುಂಪಿನಲ್ಲಿ ಪಲ್ಲವಿ ಓಡಿ ಬಂದಳು... ಹೌದು, ಓಡಿ! ಒಂದು ಜಡೆಯ ರಿಬ್ಬನ್ ಎಲ್ಲೋ ಬಿದ್ದಿತ್ತು. ಯೂನಿಫಾರ್ಮ್ ತುಂಬ ಮಣ್ಣು. ಮೊಣಕಾಲು ತರಚಿತ್ತು.

"ಮಮ್ಮೀ! ಖೋಖೋದಾಗ ನನ್ನ ಯಾರಿಗೂ ಹಿಡಿಯಾಕ ಆಗ್ಲಿಲ್ಲ!"

ಆಮೇಲೆ ತಾಯಿಯ ಮುಖ ನೋಡಿ ಮೆಲ್ಲಗೆ ಕೇಳಿದಳು, "ಮನ್ಯಾಗ ನೀ ಒಬ್ಬಾಕಿನ ಅತ್ತಿಯೇನು?"

"ಇಲ್ಲವಾ... ನಾ ಯಾಕ ಅಳ್ಲಿ?" ಎನ್ನುತ್ತಲೇ ಶೈಲಾ ಅತ್ತುಬಿಟ್ಟರು. ಪಲ್ಲವಿ ತಾಯಿಯ ಕಣ್ಣೊರೆಸಿ ಕೇಳಿದ್ದು ಒಂದೇ ಮಾತು...

"ನಾಳೆನೂ ಆಡ್ಲಾ?"

"ಆಡವಾ... ದಿನಾ ಆಡು."

*

ಮಗುವನ್ನು ಎತ್ತಿ ಹಿಡಿಯುವುದಷ್ಟೇ ಅಲ್ಲ, ಸಮಯ ಬಂದಾಗ ನಾವೇ ಒಂದು ಹೆಜ್ಜೆ ಸರಿದು ನಿಲ್ಲುವುದೂ ಪ್ರೀತಿಯೇ.

ನಿಮಗಾಗಿ ನಿಮ್ಮ ಮಗು ಯಾವ ಆಟ ಬಿಟ್ಟು ಕೂತಿದೆ... ಒಮ್ಮೆಯಾದರೂ ಕೇಳಿದ್ದೀರಾ?